ಕುಡಿದರೂ ಅಲ್ಲಾಡದ ಹುಡುಗ

2023ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಒಂದು ಕರಡು ಅಧಿಸೂಚನೆ ಹೊರಡಿಸಿತು. ಮದ್ಯ ಕೊಳ್ಳಲು ಇರಬೇಕಾದ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವುದು ಅದರ ತಿರುಳು. ಕಾರಣ ತೀರಾ ಗುಮಾಸ್ತಿಕೆಯದು: 1965ರ ಅಬಕಾರಿ ಕಾಯ್ದೆ 18 ಎನ್ನುತ್ತದೆ, ಅದರಡಿ 1967ರಲ್ಲಿ ಮಾಡಿದ ನಿಯಮ 21 ಎನ್ನುತ್ತದೆ, ಎರಡೂ ತಾಳೆಯಾಗಬೇಕಲ್ಲ. ಜನ ಸುಮ್ಮನಿರಲಿಲ್ಲ. ಗದ್ದಲವಾಯಿತು, ತಿಂಗಳು ಮುಗಿಯುವ ಮೊದಲೇ ಸರ್ಕಾರ ಪ್ರಸ್ತಾವ ಕೈಬಿಟ್ಟಿತು.

ಆ ಜಗಳದಲ್ಲಿ ಎರಡು ಪಕ್ಷವಿತ್ತು. ಒಂದು ಪಕ್ಷದವರಿಗೆ ಇದು ಸಂಸ್ಕೃತಿಯ ಪ್ರಶ್ನೆ, ಇಲ್ಲವೇ ಖಜಾನೆ ತುಂಬಿಸಿಕೊಳ್ಳುವ ಹುನ್ನಾರ. ಇನ್ನೊಂದು ಪಕ್ಷ ಕೇಳಿತು: ಹದಿನೆಂಟಕ್ಕೆ ಓಟು ಹಾಕಬಹುದು, ಗಾಡಿ ಓಡಿಸಬಹುದು, ಸೈನ್ಯ ಸೇರಬಹುದು, ಹುಡುಗಿಯಾದರೆ ಮದುವೆಯೂ ಆಗಬಹುದು, ಒಂದು ಬಾಟಲಿ ಬೀರ್ ಕೊಳ್ಳಬಾರದೆ? ಮೊದಲನೆಯವರಲ್ಲಿ ಬಿಸಿ ಹೆಚ್ಚು, ಎರಡನೆಯವರಲ್ಲಿ ತರ್ಕ ಹೆಚ್ಚು. ಮಿದುಳಿನ ಮಾತು ಮಾತ್ರ ಅಪರೂಪ. ಬಂದರೂ ಬಾಟಲಿಯ ಲೇಬಲ್ಲಿನ ಎಚ್ಚರಿಕೆಯ ಆಚೆಗೆ ಹೋಗಲಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ ವಿಷಯ. ಹದಿಹರೆಯದವರಿಗೆ ಮದ್ಯ ಬೇಡ ಎನ್ನಲು ನೀತಿಬೋಧೆಯ ಆಸರೆ ಬೇಕಾಗಿಲ್ಲ. ಆ ವಯಸ್ಸಿನ ಮಿದುಳು ಮದ್ಯಕ್ಕೆ ಒಗ್ಗುವ ರೀತಿಯೇ ಬೇರೆ; ನಾವು ಯಾವುದನ್ನು ಗಟ್ಟಿತನವೆಂದು ಮೆಚ್ಚಿಕೊಳ್ಳುತ್ತೇವೋ ಅಪಾಯ ಇರುವುದು ಅದರಲ್ಲೇ.

ಮೊದಲು ಅಳತೆ ತಿಳಿದಿರಲಿ. ‘ಸ್ವಲ್ಪ’, ‘ಒಂದು ರೌಂಡು’ ಎಂದರೆ ಏನೂ ತಿಳಿಯುವುದಿಲ್ಲ. ನಮ್ಮ ಎಂಆರ್‌ಪಿ ಅಂಗಡಿಯ ವಿಸ್ಕಿ, ರಮ್ಮು, ಬ್ರಾಂದಿಯ ಲೇಬಲ್ ಮೇಲೆ ಶೇ 42.8 ಎಂದು ಬರೆದಿರುತ್ತದೆ. ಹಾಗಾದರೆ 180 ಮಿಲಿಲೀಟರಿನ ಒಂದು ಕ್ವಾರ್ಟರ್‌ನಲ್ಲಿ ಇರುವುದು ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್, ನೈಂಟಿಯಲ್ಲಿ 30 ಗ್ರಾಂ. ‘ಬೀರ್ ತಾನೆ’ ಎಂದು ಹಗುರಾಗಿ ಎಣಿಸುವ 650 ಮಿಲಿಲೀಟರಿನ ಸ್ಟ್ರಾಂಗ್ ಬಾಟಲಿ ಶೇ 8ರದ್ದಾದರೆ ಅದರಲ್ಲಿ 41 ಗ್ರಾಂ, ಅಂದರೆ ನೈಂಟಿಗಿಂತ ಜಾಸ್ತಿ. ಸುಮಾರು ಎರಡು ಗಂಟೆಯೊಳಗೆ ಗಂಡಸು ಐದು, ಹೆಂಗಸು ನಾಲ್ಕು ಡ್ರಿಂಕ್ ಕುಡಿದರೆ ಅದನ್ನು ವಿಪರೀತ ಕುಡಿತ ಎಂದು ಅಮೆರಿಕದ ಮದ್ಯ ಸಂಶೋಧನಾ ಸಂಸ್ಥೆ ಲೆಕ್ಕ ಹಾಕುತ್ತದೆ. ಅಲ್ಲಿನ ಒಂದು ಡ್ರಿಂಕ್ ಎಂದರೆ 14 ಗ್ರಾಂ. ಮೈತೂಕ ಕಡಿಮೆಯಿರುವ ಮಕ್ಕಳಿಗೆ ಆ ಲೆಕ್ಕ ಮೂರು ನಾಲ್ಕಕ್ಕೆ ಇಳಿಯುತ್ತದೆ. ಹದಿನೈದರ ಹುಡುಗ ಒಂದು ಕ್ವಾರ್ಟರ್ ಮುಗಿಸಿದ್ದರೆ ಅದು ಆಗಲೇ ವಿಪರೀತ. ಅದೇ ವಯಸ್ಸಿನ ಹುಡುಗಿಗೆ ಒಂದು ಸ್ಟ್ರಾಂಗ್ ಬೀರ್ ಹೆಚ್ಚುಕಮ್ಮಿ ಅಷ್ಟಕ್ಕೆ ಮುಟ್ಟಿಸುತ್ತದೆ.

ಹಾಗೆಂದು ನಮ್ಮ ಮಕ್ಕಳೆಲ್ಲ ಕುಡಿದು ಹಾಳಾಗುತ್ತಿದ್ದಾರೆ ಎಂದು ಗಾಬರಿ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 17ರ ವಯಸ್ಸಿನವರಲ್ಲಿ ಕುಡಿಯುವವರು ಶೇ 1.3 ಮಾತ್ರ. ಮನೆಗೇ ಬಂದು ಕೇಳಿದ ಅಪರಿಚಿತರಿಗೆ ‘ಹೌದು, ಕುಡಿಯುತ್ತೇನೆ’ ಎನ್ನುವ ಹುಡುಗರು ಎಷ್ಟು ಮಂದಿ ಎಂದು ಯಾರಾದರೂ ಕೇಳಬಹುದು, ಅದೂ ಸರಿಯೇ. ಉತ್ತರ ಗೋವಾದ ಗಂಡಸರ ಬಗ್ಗೆ 2014ರಲ್ಲಿ ಬಂದ ಇನ್ನೊಂದು ಅಧ್ಯಯನ ಹೆಚ್ಚು ಕಳವಳ ತರುತ್ತದೆ. 1950ರ ದಶಕದ ಕೊನೆಯಲ್ಲಿ ಹುಟ್ಟಿದವರಲ್ಲಿ ಹದಿಹರೆಯದಲ್ಲೇ ಕುಡಿತ ಶುರು ಮಾಡಿದವರು ಐದರಲ್ಲೊಂದು ಪಾಲು. 1980ರ ದಶಕದ ಮೊದಲಲ್ಲಿ ಹುಟ್ಟಿದವರಲ್ಲಿ ನಾಲ್ಕರಲ್ಲಿ ಮೂರು ಪಾಲು. ಈ ಏರಿಕೆಯನ್ನು ಪೂರ್ತಿ ನಂಬುವಂತಿಲ್ಲ. ಇಪ್ಪತ್ತೈದರ ಆಸುಪಾಸಿನವನು ಮೂವತ್ತಕ್ಕೆ ಶುರು ಮಾಡಿದೆ ಎನ್ನಲು ಸಾಧ್ಯವೇ ಇಲ್ಲವಲ್ಲ. ಆದರೂ ಶುರು ಮಾಡುವ ವಯಸ್ಸು ಕೆಳಕ್ಕಿಳಿದಿದೆ ಎಂಬುದಕ್ಕೆ ಅಧ್ಯಯನವೇ ಬೇಕೆಂದಿಲ್ಲ, ಪಿಯು ಕಾಲೇಜಿನ ಉಪನ್ಯಾಸಕರನ್ನು ಕೇಳಿದರೆ ಸಾಕು.

ಹಳೇ ಮೈಸೂರು ಸೀಮೆಯಲ್ಲಿ ಗಣಪತಿ ಬಿಡುವ ರಾತ್ರಿ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಮುಂದೆ ತಮಟೆ, ಹಿಂದೆ ಸೀರಿಯಲ್ ಲೈಟು ಬಿಟ್ಟ ಟ್ರ್ಯಾಕ್ಟರ್, ಅದರ ಮೇಲೆ ಗಣಪತಿ. ಟ್ರ್ಯಾಕ್ಟರಿನ ಹಿಂಭಾಗದಲ್ಲಿ, ಬೆಳಕು ಬೀಳದ ಕಡೆ, ಪ್ಲಾಸ್ಟಿಕ್ ಲೋಟ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಅಂಥದೊಂದು ಮೆರವಣಿಗೆಯಲ್ಲಿ ಫಸ್ಟ್ ಪಿಯುಸಿ ಹುಡುಗನೊಬ್ಬನ ಹೆಗಲ ಮೇಲೆ ಕೈ ಹಾಕಿಕೊಂಡು ಒಬ್ಬಾತ ಸಾರುತ್ತಿದ್ದ: “ಏನ್ ಕೆಪ್ಯಾಸಿಟಿ ಗುರು ಇವಂದು! ಕ್ವಾರ್ಟ್ರು ಹೊಡ್ದವ್ನೆ, ವಸಿನಾದ್ರೂ ಅಲ್ಲಾಡ್ತಾವ್ನಾ ನೋಡು.” ಹುಡುಗ ಹಿಗ್ಗಿ ಹೀರೇಕಾಯಿಯಾಗಿದ್ದ. ಅದೇ ಗುಂಪಿನಲ್ಲಿ ಅಷ್ಟೇ ಕುಡಿದಿದ್ದ ನಲವತ್ತರ ಗಂಡಸೊಬ್ಬ ಪಕ್ಕದ ಮನೆಯ ಜಗಲಿಗೆ ಚಪ್ಪಲಿ ಸಮೇತ ಒರಗಿ ಗೊರಕೆ ಹೊಡೆಯುತ್ತಿದ್ದ. ಊರಿನ ತೀರ್ಪು ಏನೆಂದು ಹೇಳಬೇಕಿಲ್ಲ: ಹುಡುಗ ಗಟ್ಟಿ, ದೊಡ್ಡವನು ಪೀಚು.

ಹುಡುಗ ಅಲ್ಲಾಡದೆ ನಿಂತದ್ದು ಸುಳ್ಳಲ್ಲ. ಆ ತೀರ್ಪು ಮಾತ್ರ ತಲೆಕೆಳಗಾದದ್ದು. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಲಿಂಡಾ ಸ್ಪಿಯರ್ ಎಂಬ ವಿಜ್ಞಾನಿ ದಶಕಗಳ ಕಾಲ ಹದಿಹರೆಯದ ಇಲಿಗಳ ಮೇಲೆ ಕೆಲಸ ಮಾಡಿದರು. ಮದ್ಯ ಕೊಟ್ಟು ಅಂಗಾತ ಮಲಗಿಸಿದರೆ ಎಳೆ ಇಲಿ ಬಲಿತ ಇಲಿಗಿಂತ ಬೇಗ ಎದ್ದು ನಿಲ್ಲುತ್ತದೆ; ಎದ್ದಾಗ ಅದರ ಮಿದುಳಿನಲ್ಲಿ ಇರುವ ಮದ್ಯದ ಅಂಶ ಬಲಿತದ್ದಕ್ಕಿಂತ ಹೆಚ್ಚೇ. ತೂಕಡಿಕೆ ಕಡಿಮೆ, ತೂರಾಟ ಕಡಿಮೆ. ಇದಿಷ್ಟೇ ಕೇಳಿದರೆ ಎಳೆಯ ಮಿದುಳು ಮದ್ಯವನ್ನು ಗೆಲ್ಲುತ್ತದೆ ಎನಿಸುತ್ತದೆ. ಆದರೆ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಸ್ವಾರ್ಟ್ಸ್‌ವೆಲ್ಡರ್ ಮತ್ತು ಸಂಗಡಿಗರು ಇನ್ನೊಂದು ಪರೀಕ್ಷೆ ಒಡ್ಡಿದರು: ನೀರಿನ ತೊಟ್ಟಿಯಲ್ಲಿ ಈಜುತ್ತಾ ಮುಳುಗಿರುವ ಒಂದು ಕಟ್ಟೆಯ ಜಾಗ ಕಲಿತು ನೆನಪಿಟ್ಟುಕೊಳ್ಳಬೇಕು. ಬಲಿತ ಇಲಿಗಳ ಕಲಿಕೆಗೆ ಅಷ್ಟಾಗಿ ತೊಂದರೆ ಕೊಡದ ಪ್ರಮಾಣದಲ್ಲೇ ಎಳೆಯವು ಎಡವಿದವು. ಕಾಲು ಗಟ್ಟಿಯಿದ್ದ ಇಲಿಯ ನೆನಪೇ ಮೊದಲು ಕುಸಿದಿತ್ತು. ಮಕ್ಕಳಿಗೆ ಕುಡಿಸಿ ನೋಡುವ ಪ್ರಯೋಗವನ್ನು ಯಾರೂ ಮಾಡುವಂತಿಲ್ಲ. ಕಾನೂನು ಒಪ್ಪುವ ವಯಸ್ಸಿನವರ ಮೇಲೆ ಅದೇ ಡ್ಯೂಕ್ ತಂಡ 1998ರಲ್ಲಿ ಮಾಡಿದ ಪರೀಕ್ಷೆಯಲ್ಲೂ 21ರಿಂದ 24ರವರ ನೆನಪು 25 ದಾಟಿದವರದಕ್ಕಿಂತ ಹೆಚ್ಚು ಕೆಟ್ಟಿತು.

ನಿದ್ದೆ ಬರುವುದು, ತಲೆ ಸುತ್ತುವುದು, ಕಾಲು ತೊಡರುವುದು ಇವೆಲ್ಲ ದೇಹ ‘ಸಾಕು’ ಎನ್ನುವ ಬಗೆಗಳು. ಜಗಲಿಯ ಮೇಲೆ ಒರಗಿದ ನಲವತ್ತರವನು ಇನ್ನೊಂದು ಲೋಟ ಎತ್ತಲಾರ, ಅವನ ನಿದ್ದೆಯೇ ಅವನನ್ನು ಕಾಯುತ್ತಿದೆ. ಹದಿನಾರರವನಿಗೆ ಆ ಕಾವಲಿಲ್ಲ. ಅವನು ಇನ್ನೂ ಕುಡಿಯಬಲ್ಲ, ಬೈಕ್ ಹತ್ತಬಲ್ಲ, ಕೆರೆಗೆ ಹಾರಬಲ್ಲ, ಜಗಳಕ್ಕೆ ನಿಲ್ಲಬಲ್ಲ. ಕೆಪ್ಯಾಸಿಟಿ ಎಂದು ಬೆನ್ನು ತಟ್ಟಿದವನು ಆ ಕೊರತೆಯನ್ನೇ ಮೆಚ್ಚಿದ. ಮೆಚ್ಚುಗೆ ಸಿಕ್ಕಿದ ಮೇಲೆ ಮುಂದಿನ ಸಲ ಕ್ವಾರ್ಟರಿಗೆ ನಿಲ್ಲಿಸುವ ಹುಡುಗ ಯಾರು?

ಕುಡಿದ ರಾತ್ರಿಯ ನೆನಪು ಅಳಿಸಿಹೋಗುವುದನ್ನು ನಮ್ಮಲ್ಲಿ ತಮಾಷೆಯಾಗಿ ಹೇಳಿಕೊಳ್ಳುತ್ತಾರೆ. ‘ಮನೆಗೆ ಹೆಂಗ್ ಬಂದೆ ಅಂತ್ಲೇ ಗೊತ್ತಿಲ್ಲ ಮಗಾ’ ಎಂಬುದು ಹಾಸ್ಟೆಲಿನಲ್ಲಿ ಒಂದು ಬಿರುದು. ಇದು ಪ್ರಜ್ಞೆ ತಪ್ಪುವುದಲ್ಲ. ಆಗ ಮನುಷ್ಯ ಎದ್ದೇ ಇರುತ್ತಾನೆ, ಮಾತಾಡುತ್ತಾನೆ, ದುಡ್ಡು ಎಣಿಸಿ ಕೊಡುತ್ತಾನೆ. ಅಮೆರಿಕದ ಮನೋವೈದ್ಯ ಡೊನಾಲ್ಡ್ ಗುಡ್ವಿನ್ 1970ರ ಸುಮಾರಿಗೆ ಇದನ್ನು ಪರೀಕ್ಷಿಸಿ ನೋಡಿದರು. ಕುಡಿತದ ಚಟವಿದ್ದವರಿಗೆ ಗಂಟೆಗಟ್ಟಲೆ ಬೂರ್ಬನ್ ಕುಡಿಸಿ, ನಡುನಡುವೆ ಆಟದ ಸಾಮಾನು ಮುಂತಾದವನ್ನು ತೋರಿಸಿದರು. ಎರಡು ನಿಮಿಷ ಬಿಟ್ಟು ಕೇಳಿದರೆ ಸರಿಯಾಗಿ ಹೇಳುತ್ತಿದ್ದರು. ಅರ್ಧ ಗಂಟೆ ಬಿಟ್ಟು ಕೇಳಿದರೆ ಕೆಲವರಿಗೆ ಏನೂ ನೆನಪಿಲ್ಲ, ಮರುದಿನವೂ ಇಲ್ಲ. ಮರೆತದ್ದಲ್ಲ ಅದು, ದಾಖಲಾಗಲೇ ಇಲ್ಲ. ಹೊಸ ಅನುಭವವನ್ನು ಗಟ್ಟಿ ನೆನಪಾಗಿಸುವುದು ಕಿವಿಯ ಒಳಮಗ್ಗುಲಲ್ಲಿ, ಮಿದುಳಿನ ಆಳದಲ್ಲಿರುವ ಹಿಪೊಕ್ಯಾಂಪಸ್. ಆ ಕೆಲಸಕ್ಕೆ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬರಮಾಡಿಕೊಳ್ಳುವ ಎನ್‌ಎಂಡಿಎ ಎಂಬ ಗ್ರಾಹಕಗಳು ಬೇಕು. ಆಲ್ಕೋಹಾಲ್ ಅವನ್ನೇ ಹತ್ತಿಕ್ಕುತ್ತದೆ, ಜೊತೆಗೆ ನರಗಳನ್ನು ಮಂಕುಮಾಡುವ ಗಾಬಾ ವ್ಯವಸ್ಥೆಯನ್ನು ಉಬ್ಬಿಸುತ್ತದೆ. ಕಲಿಯುವುದೇ ಮುಖ್ಯ ಕೆಲಸವಾಗಿರುವ ವಯಸ್ಸಿನಲ್ಲಿ ಕಲಿಕೆಯ ಅಂಗಕ್ಕೇ ಏಟು. ಕುಡಿದರೆ ಮಿದುಳಿನ ಜೀವಕೋಶಗಳು ಇಷ್ಟು ಲಕ್ಷ ಸಾಯುತ್ತವೆ ಎಂಬ ಹಳೆಯ ಭಾಷಣದ ಮಾತಿಗಿಂತ ಇದು ಹೆಚ್ಚು ನಿಜ, ಹೆಚ್ಚು ಗಂಭೀರ.

ಈ ವಯಸ್ಸಿನಲ್ಲೇ ಯಾಕೆ ಹೀಗೆ? ಮಿದುಳು ಬೆಳೆದು ಮುಗಿಯುವುದು ಬಾಲ್ಯದಲ್ಲೇ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಗಟ್ಟಿಯಾಗಿತ್ತು. ಜೇ ಗೀಡ್ ಮತ್ತು ಸಂಗಡಿಗರು ಒಂದೇ ಗುಂಪಿನ ಮಕ್ಕಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಎಂಆರ್‌ಐ ಮಾಡಿ 1999ರಲ್ಲಿ ಪ್ರಕಟಿಸಿದ ಮೇಲೆ ಚಿತ್ರ ಬದಲಾಯಿತು. ಹಣೆಯ ಹಿಂದಿನ ಭಾಗದ ಬೂದು ದ್ರವ್ಯ ಹರೆಯದ ಹೊಸ್ತಿಲಲ್ಲಿ ಹೆಚ್ಚಿ, ಆಮೇಲೆ ವರ್ಷಗಟ್ಟಲೆ ಕಡಿಮೆಯಾಗುತ್ತ ಹೋಗುತ್ತದೆ. ಈ ಕಡಿಮೆಯಾಗುವಿಕೆ ನಷ್ಟವಲ್ಲ. ಮಲೆನಾಡಿನ ಕಾಫಿ ತೋಟದಲ್ಲಿ ಮಳೆ ಹಿಡಿಯುವ ಮುಂಚೆ ಮರಗಸಿ ಮಾಡಿಸುತ್ತಾರೆ: ಯಾವ ಕೊಂಬೆ ಕಡಿದರೆ ಗಿಡಕ್ಕೆ ಎಷ್ಟು ಬೆಳಕು ಬೀಳುತ್ತದೆ ಎಂದು ನೋಡಿ, ಬೇಕಾದ್ದನ್ನು ಉಳಿಸಿ, ಬೇಡದ್ದನ್ನು ಸವರುವ ಕೆಲಸ. ಹದಿಹರೆಯದ ಮಿದುಳು ಮಾಡುವುದು ಅದನ್ನೇ. ಬಳಕೆಯಿಲ್ಲದ ನರಸಂಪರ್ಕಗಳು ಹೋಗುತ್ತವೆ, ಬಳಸಿದವು ಉಳಿಯುತ್ತವೆ, ಉಳಿದ ತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಬಂದು ಸಂದೇಶ ಬೇಗ ಹರಿಯುತ್ತದೆ. ಮುಂದಾಲೋಚನೆ, ತಡೆದುಕೊಳ್ಳುವುದು, ಬೇಡವೆನ್ನುವುದು ಇವುಗಳಿಗೆ ಬೇಕಾದ ಹಣೆಯ ಹಿಂದಿನ ಭಾಗ ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತೈದರ ಹತ್ತಿರಕ್ಕೆ ಬಲಿಯುತ್ತದೆ. ಸುಖ, ಥ್ರಿಲ್ಲು, ಗೆಳೆಯರ ಮೆಚ್ಚುಗೆಗೆ ಸ್ಪಂದಿಸುವ ಭಾಗಗಳು ಅದಕ್ಕೆ ಬಹಳ ಮೊದಲೇ ಚುರುಕಾಗಿರುತ್ತವೆ. ಕಸಿ ನಡೆಯುವ ಆ ಕೆಲವು ವರ್ಷಗಳಲ್ಲೇ ವಾರವಾರ ಮದ್ಯ ಸುರಿದರೆ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ಆಯ್ಕೆಯಲ್ಲೇ ಏರುಪೇರಾಗುತ್ತದೆ.

ಈಗ ಓಟಿನ ವಾದಕ್ಕೆ ಬರೋಣ. ಅದು ಸೋಮಾರಿ ವಾದವಲ್ಲ, ಉತ್ತರಕ್ಕೆ ಅರ್ಹವಾದದ್ದು. ಟೆಂಪಲ್ ವಿಶ್ವವಿದ್ಯಾಲಯದ ಲಾರೆನ್ಸ್ ಸ್ಟೈನ್‌ಬರ್ಗ್ ಇದಕ್ಕೆ ಕೊಡುವ ಉತ್ತರ ನನಗೆ ಒಪ್ಪಿಗೆಯಾಗಿದೆ. ಸಮಾಧಾನವಾಗಿ, ಒಬ್ಬರೇ ಕುಳಿತು, ಸಮಯ ತೆಗೆದುಕೊಂಡು ಮಾಡುವ ತೀರ್ಮಾನಗಳಲ್ಲಿ ಹದಿನಾರರವರು ದೊಡ್ಡವರಿಗೆ ಸರಿಸಮ. ಭಾವಾವೇಶದಲ್ಲಿ, ಗೆಳೆಯರು ಸುತ್ತುವರಿದಾಗ, ತಟ್ಟನೆ ಮಾಡಬೇಕಾದ ತೀರ್ಮಾನಗಳಲ್ಲಿ ಅವರು ಇನ್ನೂ ವರ್ಷಗಳಷ್ಟು ಹಿಂದೆ. ಭಾರತವೂ ಸೇರಿ ಹನ್ನೊಂದು ದೇಶಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಅಂತರ ಕಂಡಿತು. 2005ರ ಒಂದು ಪ್ರಯೋಗದಲ್ಲಿ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟಿದ್ದರು. ಒಂಟಿಯಾಗಿ ಆಡಿದಾಗ ಹುಡುಗರೂ ದೊಡ್ಡವರೂ ಹೆಚ್ಚುಕಮ್ಮಿ ಒಂದೇ. ಗೆಳೆಯರು ನೋಡುತ್ತಿದ್ದಾರೆ ಎಂದಾಗ ದೊಡ್ಡವರು ಬದಲಾಗಲಿಲ್ಲ, ಹುಡುಗರು ದುಪ್ಪಟ್ಟು ಅಪಾಯಕ್ಕೆ ಕೈಹಾಕಿದರು. ಮತಗಟ್ಟೆಯೊಳಗೆ ಹೋಗುವವನು ಒಬ್ಬನೇ. ಬಾರಿಗೆ ಒಬ್ಬನೇ ಹೋಗುವ ಹದಿನೆಂಟರ ಹುಡುಗನನ್ನು ನಾನಂತೂ ನೋಡಿಲ್ಲ.

ಇಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾದದ್ದೂ ಇದೆ. 21 ಎಂಬ ಸಂಖ್ಯೆಯನ್ನು ವಿಜ್ಞಾನ ಹುಟ್ಟಿಸಿದ್ದಲ್ಲ. 1971ರಲ್ಲಿ ಅಮೆರಿಕ ಮತದಾನದ ವಯಸ್ಸನ್ನು 18ಕ್ಕೆ ಇಳಿಸಿದಾಗ ಅದೇ ಓಟಿನ ವಾದ ಹಿಡಿದು ಅನೇಕ ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ರಸ್ತೆಗಳಲ್ಲಿ ಹುಡುಗರು ಸಾಯುವುದು ಹೆಚ್ಚಿತು. 1984ರಲ್ಲಿ ಕೇಂದ್ರ ಕಾಯ್ದೆ ಬಂತು, 21ಕ್ಕೆ ಏರಿಸದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಕಡಿತ ಎಂದಿತು. ಆಗ ಹದಿಹರೆಯದ ಮಿದುಳಿನ ಮಾತೇ ಇರಲಿಲ್ಲ, ಲೆಕ್ಕವೆಲ್ಲ ಹೆಣಗಳದ್ದು. ನಮ್ಮ ದೇಶದಲ್ಲೇ ಈ ವಯಸ್ಸು ಗೋವಾದಲ್ಲಿ 18, ಕೇರಳದಲ್ಲಿ 23, ದೆಹಲಿಯಲ್ಲಿ 25. ಗಡಿ ದಾಟಿದ ಕೂಡಲೇ ಮಿದುಳು ಬಲಿಯುವುದೂ ಇಲ್ಲ, ಎಳಸಾಗುವುದೂ ಇಲ್ಲ. ಗೆರೆ ಎಲ್ಲಿ ಎಳೆಯಬೇಕೆಂಬುದು ಸಮಾಜದ ತೀರ್ಮಾನ. ಅದು ಮುಂದಿದ್ದಷ್ಟೂ ಒಳ್ಳೆಯದು ಎಂಬುದಷ್ಟೇ ವಿಜ್ಞಾನ ಹೇಳುವ ಮಾತು.

ಇನ್ನೊಂದು ಹೆಚ್ಚು ಕಷ್ಟದ ಆಕ್ಷೇಪ. ಹದಿಹರೆಯದಲ್ಲಿ ಅತಿಯಾಗಿ ಕುಡಿದವರ ಹಿಪೊಕ್ಯಾಂಪಸ್ ಚಿಕ್ಕದಿದೆ ಎಂದು 2000ದ ಸುಮಾರಿನಿಂದಲೇ ವರದಿಗಳಿವೆ. ಆದರೆ ಕುಡಿತದಿಂದ ಹಾಗಾಯಿತೋ, ಹಾಗಿದ್ದ ಮಿದುಳೇ ಕುಡಿತದ ಕಡೆ ಎಳೆಯಿತೋ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ನೇರವಾಗಿ ಮುಟ್ಟುತ್ತದೆ. ಮದ್ಯವ್ಯಸನಿಗಳ ಮನೆಯಲ್ಲಿ ಹುಟ್ಟಿ, ತಾವಿನ್ನೂ ಒಂದು ತೊಟ್ಟೂ ಮುಟ್ಟದ ಮಕ್ಕಳು ಮತ್ತು ಎಳೆಯರ ಮಿದುಳನ್ನು ಎಂಆರ್‌ಐ ಮಾಡಿದಾಗ, ಹಣೆಯ ಭಾಗವೂ ಸೇರಿ ಹಲವು ಭಾಗಗಳು ಬೇರೆಯವರಿಗಿಂತ ಚಿಕ್ಕದಾಗಿದ್ದವು. ಅಮೆರಿಕದಲ್ಲಿ ಒಂಬತ್ತು ಹತ್ತರ ವಯಸ್ಸಿನ ಸುಮಾರು ಹನ್ನೆರಡು ಸಾವಿರ ಮಕ್ಕಳನ್ನು ಸೇರಿಸಿಕೊಂಡು ವರ್ಷವರ್ಷ ಹಿಂಬಾಲಿಸುತ್ತಿರುವ ಎಬಿಸಿಡಿ ಯೋಜನೆಯ 2024ರ ವರದಿಯೊಂದೂ ಬೇಗ ಕುಡಿತ, ಸಿಗರೇಟಿಗೆ ಇಳಿದವರ ಮಿದುಳಿನ ಅನೇಕ ವ್ಯತ್ಯಾಸಗಳು ಶುರು ಮಾಡುವ ಮೊದಲೇ ಇದ್ದವು ಎಂದಿತು. ಹಾಗಾದರೆ ಕುಡಿತ ನಿರಪರಾಧಿಯೆ? ಅಲ್ಲ. ಅಮೆರಿಕದ್ದೇ ಎನ್‌ಸಿಎಎನ್‌ಡಿಎ ಎಂಬ ಅಧ್ಯಯನ 12ರಿಂದ 21ರ ಎಂಟುನೂರಕ್ಕೂ ಹೆಚ್ಚು ಜನರನ್ನು ಅನುಸರಿಸುತ್ತಿದೆ. ಶುರುವಿನಲ್ಲಿ ಅತಿಯಾಗಿ ಕುಡಿಯದಿದ್ದವರ ಪೈಕಿ ಮುಂದೆ ವಿಪರೀತ ಕುಡಿತಕ್ಕೆ ಇಳಿದವರ ಹಣೆಯ ಭಾಗದ ಬೂದು ದ್ರವ್ಯ ಬೇರೆಯವರದಕ್ಕಿಂತ ಬೇಗ ಬೇಗ ಇಳಿಯಿತು ಎಂದು ಅದು 2018ರಲ್ಲಿ ತೋರಿಸಿತು. ಎರಡೂ ನಿಜವೆಂದೇ ನನ್ನ ತಿಳಿವಳಿಕೆ: ಕೆಲವು ಮಕ್ಕಳು ಹುಟ್ಟಿನಿಂದಲೇ ಕುಡಿತದ ಅಂಚಿನಲ್ಲಿರುತ್ತಾರೆ, ಆ ಅಂಚಿನವರನ್ನೇ ಕುಡಿತ ಇನ್ನಷ್ಟು ಒಳಕ್ಕೆ ಎಳೆಯುತ್ತದೆ. ಅಪ್ಪನ ಕುಡಿತ ಕಂಡು ‘ನಾನಂತೂ ಮುಟ್ಟಲ್ಲ’ ಎನ್ನುವ ಹುಡುಗ ಗಣಪತಿ ಬಿಡುವ ರಾತ್ರಿಯ ಮೊದಲ ಲೋಟಕ್ಕೆ ಉಳಿದವರಿಗಿಂತ ಹೆಚ್ಚು ಬೆಲೆ ತೆರಬಹುದು. ಅದು ಅವನಿಗೂ ಗೊತ್ತಿಲ್ಲ, ಕೊಟ್ಟವನಿಗೂ ಗೊತ್ತಿಲ್ಲ.

15ಕ್ಕೂ ಮುಂಚೆ ಕುಡಿಯಲು ಶುರು ಮಾಡಿದವರು ಮುಂದೆ ಚಟಕ್ಕೆ ಬೀಳುವ ಸಂಭವ 20 ದಾಟಿ ಶುರು ಮಾಡಿದವರದಕ್ಕಿಂತ ಸುಮಾರು ನಾಲ್ಕು ಪಟ್ಟು ಎಂದು ಬ್ರಿಜೆಟ್ ಗ್ರಾಂಟ್ ಮತ್ತು ಡೆಬೊರಾ ಡಾಸನ್ 1997ರಲ್ಲಿ ಲೆಕ್ಕ ಹಾಕಿದ್ದರು. ಮೇಲಿನ ಆಕ್ಷೇಪ ಇದಕ್ಕೂ ಅನ್ವಯಿಸುತ್ತದೆ, ನಾಲ್ಕು ಪಟ್ಟೂ ಕುಡಿತದ ಕೆಲಸವಲ್ಲದಿರಬಹುದು. ಅರ್ಧವಾದರೂ ಸಾಕಲ್ಲವೆ?

‘ಹೊರಗೆ ಕದ್ದು ಕುಡಿಯುವುದಕ್ಕಿಂತ ಮನೆಯಲ್ಲೇ ನಮ್ಮ ಕಣ್ಣೆದುರು ಒಂದು ಪೆಗ್ ಕುಡಿಯಲಿ, ಹದ ಕಲಿಯುತ್ತಾನೆ’ ಎನ್ನುವ ಅಪ್ಪಂದಿರು ನಗರಗಳಲ್ಲಿ ಹೆಚ್ಚುತ್ತಿದ್ದಾರೆ. ಮಾತು ಉದಾರವಾಗಿ ಕೇಳಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಸುಮಾರು ಹದಿಮೂರರ ವಯಸ್ಸಿನ ಎರಡು ಸಾವಿರದಷ್ಟು ಮಕ್ಕಳನ್ನು ಆರು ವರ್ಷ ಅನುಸರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಉದಾರತೆಯನ್ನು ಸಮರ್ಥಿಸಲಿಲ್ಲ. ತಂದೆತಾಯಿಯಿಂದ ಮದ್ಯ ಸಿಕ್ಕ ಮಕ್ಕಳು ಹೊರಗಿನಿಂದಲೂ ಪಡೆಯುವುದು ಹೆಚ್ಚಾಯಿತು, ವಿಪರೀತ ಕುಡಿತವೂ ಹೆಚ್ಚಾಯಿತು, ರಕ್ಷಣೆಯ ಸುಳಿವೇ ಸಿಗಲಿಲ್ಲ. ಯುರೋಪಿನವರು ಚಿಕ್ಕಂದಿನಿಂದ ಕುಡಿದು ಹದ ಕಲಿಯುತ್ತಾರೆ ಎಂಬುದೂ ಅರ್ಧ ಕಥೆ. ಬೀರ್ ಸಲೀಸಾಗಿ ಸಿಗುವ ಡೆನ್ಮಾರ್ಕಿನ ಮಕ್ಕಳು ಅಮಲೇರುವಷ್ಟು ಕುಡಿಯುವುದರಲ್ಲಿ ಯುರೋಪಿನ ಸಮೀಕ್ಷೆಗಳಲ್ಲಿ ಮೇಲಿನ ಸಾಲಿನಲ್ಲೇ ಇರುತ್ತಾರೆ.

ಹಾಗಾದರೆ ಭಾಷಣ ಬಿಗಿಯೋಣವೆ? ಅಕ್ಟೋಬರ್ 2ರ ಹೊತ್ತಿಗೆ ಶಾಲೆಗಳಲ್ಲಿ ಮದ್ಯಪಾನದ ದುಷ್ಪರಿಣಾಮ ಕುರಿತು ಪ್ರಬಂಧ ಸ್ಪರ್ಧೆ ನಡೆಯುತ್ತದೆ. ಬಹುಮಾನ ಬಂದ ಪ್ರಬಂಧಗಳನ್ನು ಓದಿದ್ದೇನೆ. ಲಿವರ್ ಹಾಳಾಗುತ್ತದೆ, ಸಂಸಾರ ಬೀದಿಗೆ ಬರುತ್ತದೆ, ಗಾಂಧೀಜಿಯವರ ಕನಸು ನನಸಾಗಲಿ. ಹದಿನೈದರವನ ಪಾಲಿಗೆ ಲಿವರ್ ಎಂಬುದು ಐವತ್ತರ ಅಂಕಲ್‌ಗಳ ಸಮಸ್ಯೆ. ಐಸ್‌ಲ್ಯಾಂಡ್ ಬೇರೆ ದಾರಿ ಹಿಡಿಯಿತು. ಅಲ್ಲಿ 1998ರಲ್ಲಿ 15–16ರ ಮಕ್ಕಳಲ್ಲಿ ಶೇ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದೆವು ಎಂದಿದ್ದರು. 2016ಕ್ಕೆ ಅದು ಶೇ 5. ನಡುವೆ ಅವರು ಮಾಡಿದ್ದು ಮಿದುಳಿಗೆ ಬೇರೆ ಥ್ರಿಲ್ಲು ಕೊಟ್ಟದ್ದು. ಪ್ರತಿ ಮಗುವಿಗೆ ಆಟ, ಸಂಗೀತ, ನೃತ್ಯದ ತರಬೇತಿಗೆ ಪುರಸಭೆಯಿಂದ ಹಣ, ಸಂಜೆ ತೆರೆದಿರುವ ಕ್ರೀಡಾಂಗಣ, 16ರವರೆಗಿನ ಮಕ್ಕಳು ಇಷ್ಟು ಹೊತ್ತಿಗೆ ಮನೆ ಸೇರಬೇಕೆಂಬ ನಿಯಮ, ಅದನ್ನು ನೋಡಿಕೊಳ್ಳಲು ವಾರಾಂತ್ಯದ ರಾತ್ರಿ ಬೀದಿ ಸುತ್ತುವ ಅಪ್ಪಅಮ್ಮಂದಿರು. ಮದ್ಯ ಕೊಳ್ಳುವ ವಯಸ್ಸು ಅಲ್ಲಿ 20. ಅದು ಸುಮಾರು ನಾಲ್ಕು ಲಕ್ಷ ಜನರ ಪುಟ್ಟ ದೇಶ, ಅದೇ ಕಾಲಕ್ಕೆ ಯುರೋಪಿನ ಬೇರೆ ಕಡೆಯೂ ಎಳೆಯರ ಕುಡಿತ ಇಳಿದಿತ್ತು, ಪೂರ್ತಿ ಶ್ರೇಯಸ್ಸು ಯೋಜನೆಗೆ ಸಲ್ಲದು. ಆದರೂ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಪಿಯು ಕಾಲೇಜು ಬಿಟ್ಟ ಮೇಲೆ ಹುಡುಗರು ಹೋಗಬಹುದಾದ ಜಾಗ ಎಷ್ಟಿವೆ ಎಂದು ಎಣಿಸಿ, ಆಮೇಲೆ ಬಾರ್‌ಗಳನ್ನು ಎಣಿಸಿದರೆ, ಭಾಷಣ ಯಾಕೆ ಸೋಲುತ್ತದೆ ಎಂಬುದು ಗೊತ್ತಾಗುತ್ತದೆ.

ಸರ್ಕಾರದ ಮೇಲೆ ಹೆಚ್ಚು ಭರವಸೆ ಇಡುವಂತಿಲ್ಲ. 2025–26ರ ರಾಜ್ಯ ಬಜೆಟ್ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿತ್ತು. ಅಷ್ಟು ದೊಡ್ಡ ಗುರಿ ಹೊತ್ತ ಇಲಾಖೆ ಕೌಂಟರಿನ ಮುಂದೆ ನಿಂತ ಹುಡುಗನ ಆಧಾರ್ ಕೇಳಿಸುತ್ತದೆ ಎಂದು ನಂಬುವುದು ಕಷ್ಟ. ಮೀಸೆ ಚಿಗುರಿದ್ದರೆ ಸಾಕು, ಚಿಗುರದಿದ್ದರೂ ‘ಅಪ್ಪ ತರಕ್ಕೆ ಹೇಳಿದ್ರು’ ಎಂದರಾಯಿತು. ಆದರೆ ಕಾನೂನಿನಲ್ಲಿ ಇನ್ನೊಂದು ಬಾಗಿಲಿದೆ, ಅದನ್ನು ನಾವು ತಟ್ಟುವುದೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ 18 ತುಂಬದ ಮಗುವಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಕೊಟ್ಟವರು ಎಂದರೆ ಅಂಗಡಿಯವನು ಮಾತ್ರವಲ್ಲ. ಟ್ರ್ಯಾಕ್ಟರಿನ ಹಿಂದೆ ಲೋಟ ಚಾಚಿದ ಅಣ್ಣ, ಬೀಗರೂಟದಲ್ಲಿ ‘ಇವತ್ತೊಂದಿನ ಏನಾಗಲ್ಲ’ ಎಂದ ಚಿಕ್ಕಪ್ಪ, ಚುನಾವಣೆಯಲ್ಲಿ ಹುಡುಗರ ಗುಂಪಿಗೆ ಕೇಸು ಕೇಸು ಇಳಿಸಿದ ಮುಖಂಡ, ಎಲ್ಲರೂ. ಜೈಲಿಗೆ ಹಾಕಿಸಿ ಎನ್ನುತ್ತಿಲ್ಲ. ಕುಡಿದ ಹುಡುಗನಿಗೆ ಊರೆಲ್ಲ ಬುದ್ಧಿ ಹೇಳುತ್ತದೆ, ಕುಡಿಸಿದವನಿಗೆ ಹೇಳುವವರಿಲ್ಲ. ಆ ಲೆಕ್ಕ ತಿರುಗಬೇಕು ಎನ್ನುತ್ತಿದ್ದೇನೆ.

‘ನಾವೂ ಹದಿನಾರಕ್ಕೆ ಕುಡಿದವರೇ, ಈಗ ಏನಾಗಿದೆ?’ ಎನ್ನುವವರು ಸಿಗುತ್ತಾರೆ. ಹಾಗೆನ್ನಲು ಉಳಿದವರು ಮಾತ್ರ ಹಾಗೆನ್ನುತ್ತಾರೆ. ಬೈಕಿನಲ್ಲಿ ಹೋದವರು, ಎರಡನೇ ಪಿಯುಸಿಗೇ ಓದು ಬಿಟ್ಟವರು ಆ ಮಾತಿನ ಲೆಕ್ಕದಲ್ಲಿ ಇಲ್ಲ. ಮತ್ತೆ, ತನ್ನ ಮಿದುಳು ಕುಡಿಯದೆ ಇದ್ದಿದ್ದರೆ ಹೇಗಿರುತ್ತಿತ್ತು ಎಂದು ಹೋಲಿಸಿ ನೋಡಲು ಯಾರಿಗೂ ಎರಡನೇ ಮಿದುಳಿಲ್ಲ.

ಆದರೆ ಈಗಾಗಲೇ ಶುರು ಮಾಡಿರುವ ಹುಡುಗನಿಗೆ ‘ನಿನ್ನ ಮಿದುಳು ಕೆಟ್ಟುಹೋಯಿತು’ ಎನ್ನುವುದು ತಪ್ಪು, ಅಪಾಯ ಕೂಡ. ರೂಪುಗೊಳ್ಳುತ್ತಿರುವ ಮಿದುಳು ಏಟಿಗೆ ಎಷ್ಟು ಮೆದುವೋ ಚೇತರಿಕೆಗೂ ಅಷ್ಟೇ ಮೆದು. ಹರೆಯದಲ್ಲಿ ಮದ್ಯ ಕುಡಿಸಿದ ಇಲಿಗಳು ದೊಡ್ಡವಾದ ಮೇಲೆ ಆತಂಕ ಹೆಚ್ಚಾಗಿ ಮತ್ತೆ ಮದ್ಯದ ಕಡೆಗೇ ಹೋಗುತ್ತವೆ. ಷಿಕಾಗೊದಲ್ಲಿ ಸುಭಾಷ್ ಪಾಂಡೆಯವರ ತಂಡ ಅವುಗಳ ಮಿದುಳಿನ ಅಮಿಗ್ಡಲಾ ಎಂಬ ಭಾಗದಲ್ಲಿ ಒಂದು ಜೀನಿನ ನಿಯಂತ್ರಣದ ಮೇಲೆ ಕುಡಿತ ಉಳಿಸಿದ್ದ ಗುರುತನ್ನು ಕ್ರಿಸ್ಪರ್ ತಂತ್ರದಿಂದ ತಿದ್ದಿದಾಗ ಆತಂಕವೂ ಇಳಿಯಿತು, ಕುಡಿತವೂ ಇಳಿಯಿತು. 2022ರ ಮಾತು ಇದು, ಇಲಿಗಳ ಮಾತು, ನಾಳೆ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯಲ್ಲ. ಗುರುತು ಬಿದ್ದರೂ ಅದು ಕಲ್ಲಿನ ಮೇಲಿನ ಶಾಸನವಲ್ಲ ಎಂಬಷ್ಟನ್ನು ಅದರಿಂದ ತೆಗೆದುಕೊಳ್ಳಬಹುದು.

ಮಗ ಕುಡಿದು ಬಂದ ಮರುದಿನ ಮನೆಯಲ್ಲಿ ಕೇಳುವ ಪ್ರಶ್ನೆ ‘ಎಷ್ಟು ಕುಡಿದೆ?’ ಎಂಬುದು, ಅದಕ್ಕೆ ನಿಜವಾದ ಉತ್ತರ ಬರುವುದಿಲ್ಲ. ‘ರಾತ್ರಿ ಮನೆಗೆ ಹೇಗೆ ಬಂದೆ, ಬಾಗಿಲು ಯಾರು ತೆಗೆದರು?’ ಎಂದು ಕೇಳಿ ನೋಡಬಹುದು. ಹುಡುಗನಿಗೆ ನೆನಪಿಲ್ಲದಿದ್ದರೆ, ಅದು ಎರಡನೇ ಸಲವೋ ಮೂರನೇ ಸಲವೋ ಆಗಿದ್ದರೆ, ದೇವರ ಮುಂದೆ ಆಣೆ ಮಾಡಿಸಿ ಮುಗಿಸುವ ವಿಷಯ ಅದಲ್ಲ. ನಲವತ್ತರ ಕುಡುಕರ ನಡುವೆ ಶಿಬಿರದಲ್ಲಿ ಕೂರಿಸುವ ವಿಷಯವೂ ಅಲ್ಲ. ಮಕ್ಕಳ ಮನಸ್ಸು ತಿಳಿದ ವೈದ್ಯರೊಬ್ಬರು ಅವನ ಜೊತೆ, ಅಪ್ಪಅಮ್ಮನನ್ನು ಹೊರಗೆ ಕೂರಿಸಿ, ಅರ್ಧ ಗಂಟೆ ಮಾತಾಡಬೇಕು. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಕರೆಗೆ ದುಡ್ಡಿಲ್ಲ. ಹುಡುಗನ ಮನೆಯಲ್ಲಿ ಕುಡಿತದ ಚರಿತ್ರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು, ಅಪ್ಪ ಎದುರಿಗೇ ಕೂತಿದ್ದರೂ.